ಶೆಟ್ಟರ ಮೌನ

ಅಮೆರಿಕದ ಹಿರಿಯ ನಾಟಕಕಾರರೊಬ್ಬರ ನಾಟಕವನ್ನು ನಾನು ಕನ್ನಡಕ್ಕೆ ತಂದಿದ್ದೆ. ಡೊಂಬಿವಲಿಯ ನಮ್ಮ ಗೆಳೆಯರ ತಂಡ ಅದನ್ನು ಆಡುವುದಿತ್ತು. ಒಂದೇ ಒಂದು ಮಾತನ್ನೂ ಬಿಡಬಾರದು ಎಂಬ ಷರತ್ತಿನ ಮೇಲೆ ನಾಟಕಕಾರರು ಅನುಮತಿ ಕೊಟ್ಟಿದ್ದರು. ಬೇರೇನೋ ಕೆಲಸಕ್ಕೆ ಮುಂಬೈಗೆ ಬಂದವರು, ಪ್ರಯೋಗದ ದಿನ ಲೋಕಲ್ ರೈಲು ಹಿಡಿದು ಬಂದೇಬಿಟ್ಟರು! ಮುಂದಿನ ಸಾಲಿನಲ್ಲಿ ಅವರು, ಮರೆತವರಿಗೆ ಮಾತು ಎತ್ತಿಕೊಡಲು ಪರದೆಯ ಮರೆಯಲ್ಲಿ ನಾಟಕದ ಪ್ರತಿ ಹಿಡಿದುಕೊಂಡು ನಾನು.

ತಂದೆಯ ಪಾತ್ರ ಸ್ಟೇಷನ್ ಹತ್ತಿರ ಹೋಟೆಲ್ ನಡೆಸುವ ನಮ್ಮ ಶೆಟ್ಟರದು. ಮುನಿಸಿಕೊಂಡು ಹೊರಟ ಮಗಳನ್ನು ಅವರು ಮಾತಿನಿಂದ ತಡೆಯಬೇಕು. ಶೆಟ್ಟರು ಬಾಯಿ ತೆರೆದರು, ಮಾತು ಬರಲಿಲ್ಲ. ನಾನು ಪಿಸುಗುಟ್ಟಿದ್ದು ಅವರಿಗೆ ಕೇಳಿಸಲಿಲ್ಲ. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು. ಕೊನೆಗೆ ಮಗಳ ಪಾತ್ರದಾಕೆ ಗಾಬರಿಯಾಗಿ ತಾನೇ ವಾಪಸ್ ಬಂದು ಅವರ ಕೈ ಹಿಡಿದಳು. ಸಭೆಯಲ್ಲಿ ಯಾರೋ ಬಿಕ್ಕಿದರು.

ನಾಟಕ ಮುಗಿದದ್ದೇ ತಡ, ನಾಟಕಕಾರರು ನೇರ ರಂಗದ ಹಿಂದಕ್ಕೆ ಬಂದರು. ನಮ್ಮ ಕಥೆ ಮುಗಿಯಿತು ಅಂದುಕೊಂಡೆ.

"ಸಿನಿಮಾಕ್ಕೆ ಬರೆದರೆ ನನ್ನ ಮೌನಗಳನ್ನೆಲ್ಲ ಕತ್ತರಿಸುತ್ತಾರೆ. ನಾಟಕದಲ್ಲಿ ನಟರು ಅವಸರ ಮಾಡುತ್ತಾರೆ. ಇವರೊಬ್ಬರೇ ನೋಡಿ, ನಾನು ಬರೆದ ಮಾತನ್ನೆಲ್ಲ ಮೌನದಲ್ಲೇ ಹೇಳಿಬಿಟ್ಟರು! ಆಗ ಇವರ ಮನಸ್ಸಿನಲ್ಲಿ ಏನಿತ್ತು, ಕೇಳಿ" ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿದರು.

ಕೇಳಿದೆ. ಶೆಟ್ಟರು ಮೆಲ್ಲಗೆ, "ಎಂಥ ಇರುವುದು ಮಾರಾಯ್ರೆ, ಡೈಲಾಗ್ ಮರೆತೇಹೋಯ್ತು. ಹೇಳ್ಬೇಡಿ ಆಯ್ತಾ" ಎಂದರು.

"ಮಾತೇ ಸಿಗದೆ ಒದ್ದಾಡುತ್ತಿದ್ದರಂತೆ ಸರ್" ಎಂದೆ. ಸುಳ್ಳೇನಲ್ಲವಲ್ಲ. ನಾಟಕಕಾರರು ಶೆಟ್ಟರನ್ನು ಬಿಗಿಯಾಗಿ ಅಪ್ಪಿಕೊಂಡರು.

ಮುಂದಿನ ತಿಂಗಳು ವಾಶಿಯ ಪ್ರಯೋಗಕ್ಕೆ ಶೆಟ್ಟರು ಹಗಲೂ ರಾತ್ರಿ ಬಾಯಿಪಾಠ ಮಾಡಿ, ಒಂದಕ್ಷರವೂ ತಪ್ಪದೆ ಒಪ್ಪಿಸಿದರು. ಒಬ್ಬರೂ ಅಳಲಿಲ್ಲ.