ಎಳೆಪಾದ ತಿದ್ದುವ ಲೂಕಣ್ಣ

ಬೆಳಗಿನ ಆರೂವರೆ. ಬೀದರಿನ ಆಸ್ಪತ್ರೆಯೊಂದರ ಪ್ಲಾಸ್ಟರ್ ಕೋಣೆಯಲ್ಲಿ ಲೂಕ ಅಗಲವಾದ ಟಬ್ಬಿಗೆ ಬಿಸಿನೀರು ಸುರಿದು, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡುತ್ತಿದ್ದಾರೆ. ಎದುರಿನ ಬೆಂಚಿನ ಮೇಲೆ ಔರಾದ ಕಡೆಯ ಸಿದ್ದೇಶ್ವರಿ ಕುಳಿತಿದ್ದಾಳೆ. ಮಡಿಲಲ್ಲಿ ಐದು ತಿಂಗಳ ಮಗಳು ಶೀತಲ. ಮಗುವಿನ ಎರಡೂ ಕಾಲಿಗೆ ತೊಡೆಯಿಂದ ಬೆರಳಿನ ಬುಡದವರೆಗೆ ಬಿಳಿ ಪ್ಲಾಸ್ಟರ್.

"ಕೂಸಿಗಿ ಹಾಲು ಕುಡಸ್ಕೋತ ಕೂಡವ್ವ. ಹೊಟ್ಟಿ ತುಂಬಿದ್ರ ಅಳಂಗಿಲ್ಲ," ಎನ್ನುತ್ತಾರೆ ಲೂಕ.

ಅರ್ಧ ಗಂಟೆ ನೆನೆದ ಪ್ಲಾಸ್ಟರ್ ಮೆತ್ತಗಾಗುತ್ತದೆ. ಅವರು ಅದರ ತುದಿ ಹಿಡಿದು ಸುತ್ತು ಸುತ್ತಾಗಿ ಬಿಚ್ಚುತ್ತಾರೆ. ಇದು ಎಂಟನೆಯದು, ಕೊನೆಯದು. ಹುಟ್ಟಿದಾಗ ಶೀತಲಳ ಎರಡೂ ಪಾದ ಒಳಕ್ಕೆ ತಿರುಚಿಕೊಂಡು, ಅಂಗಾಲುಗಳು ಒಂದಕ್ಕೊಂದು ಎದುರಾಗಿದ್ದವು. ಈಗ ಒದ್ದೆಯಾದ, ಸುಕ್ಕುಗಟ್ಟಿದ ಆ ಪುಟ್ಟ ಪಾದವನ್ನು ಲೂಕ ತಮ್ಮ ಅಂಗೈ ಮೇಲೆ ಇಟ್ಟುಕೊಳ್ಳುತ್ತಾರೆ. ಅದು ಹಿಮ್ಮಡಿಯಿಂದ ಬೆರಳವರೆಗೆ ಸಮನಾಗಿ ಕೂಡುತ್ತದೆ. ಸಿದ್ದೇಶ್ವರಿ ನೋಡುತ್ತಾಳೆ, ಆದರೆ ಕೈ ಚಾಚುವುದಿಲ್ಲ.

"ಮುಟ್ಟವ್ವ. ನಿಂದೇ ಕೂಸದ."

ಅವಳು ಒಂದೇ ಬೆರಳಿನಿಂದ ಮುಟ್ಟುತ್ತಾಳೆ. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾಳೆ.

ಲೂಕ ಅವರಿಗೆ ಐವತ್ತೆಂಟು ನಡೆಯುತ್ತಿದೆ. ಮನೆ ಮೈಲೂರಿನಲ್ಲಿ. ತಂದೆ ಮಿಷನ್ ಶಾಲೆಯೊಂದರ ತೋಟಗಾರರು. ಪತ್ನಿ ನವೊಮಿ ನರ್ಸ್ ಆಗಿದ್ದು ನಿವೃತ್ತರಾದವರು. ಈ ಆಸ್ಪತ್ರೆಗೆ ಲೂಕ ಸೇರಿದ್ದು ಕಸ ಗುಡಿಸಲು. ಹಿರಿಯರೊಬ್ಬರು ಪ್ಲಾಸ್ಟರ್ ಸುತ್ತುವುದನ್ನು ಬಾಗಿಲಲ್ಲಿ ನಿಂತು ನೋಡಿ ನೋಡಿ ಕಲಿತರು. ಈ ಕೋಣೆಗೆ ಬಂದು ಇಪ್ಪತ್ತೇಳು ವರ್ಷವಾಯಿತು. ದಿನಕ್ಕೆ ಹದಿನೆಂಟೋ ಇಪ್ಪತ್ತೋ ಮುರಿದ ಕೈಕಾಲುಗಳು ಅವರ ಕೈಗೆ ಬರುತ್ತವೆ. ಗುರುವಾರ ಮಾತ್ರ ತಿರುಚುಪಾದದ ಮಕ್ಕಳಿಗೆ ಮೀಸಲು. ವಾರಕ್ಕೊಮ್ಮೆ ಪ್ಲಾಸ್ಟರ್ ಬಿಚ್ಚಿ, ವೈದ್ಯರು ಪಾದವನ್ನು ಕೂದಲೆಳೆಯಷ್ಟು ಹೊರಕ್ಕೆ ತಿರುಗಿಸಿ ಹಿಡಿಯುತ್ತಾರೆ. ಲೂಕ ಮತ್ತೆ ಸುತ್ತುತ್ತಾರೆ.

"ಎಲವು ಅಂದ್ರ ಮಂದಿ ಕಲ್ಲು ಅಂತ ತಿಳ್ಕೋತಾರ್ರಿ," ಎನ್ನುತ್ತಾರೆ ಅವರು. "ಅದು ಜೀವ ಅದ. ಒಳಗ ರಕ್ತ ಹರೀತದ. ನನಗ ಭಿ, ನಿಮಗ ಭಿ ಒಳಗಿಂದೊಳಗ ಹಳೇದು ಕರಗಿ ಹೊಸಾದು ಕಟ್ಕೋತ ಇರ್ತದ. ಹಡದ ಕೂಸಿನ ಪಾದದಾಗಂತೂ ಅದು ಇನ್ನಾ ಪೂರಾ ಎಲವೇ ಆಗಿರಂಗಿಲ್ಲ, ಎಳಿ ಸೌತಿಕಾಯಿ ಹಾಂಗ. ಆಗ ಹ್ಯಾಂಗ ಹಿಡದ್ರ ಹಾಂಗ ಬೆಳೀತದ. ಜೋರು ಮಾಡಬಾರದು. ತಡಾ ಭಿ ಮಾಡಬಾರದು."

ಈ ಎಚ್ಚರ ಅವರಿಗೆ ಬಂದದ್ದು ಒಂದು ತಪ್ಪಿನಿಂದ. ಅದನ್ನು ಅವರು ಬಚ್ಚಿಡುವುದಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಕಮಲನಗರದಿಂದ ಒಂಬತ್ತು ವರ್ಷದ ಗೋರಖನಾಥನನ್ನು ಕರೆತಂದಿದ್ದರು. ಮರದಿಂದ ಬಿದ್ದು ಬಲ ಮುಂಗೈಯ ಎರಡೂ ಎಲುಬು ಮುರಿದಿದ್ದವು. ಸಂಜೆಯ ಗಡಿಬಿಡಿಯಲ್ಲಿ ಲೂಕ ಬಿಗಿಯಾಗಿ ಪ್ಲಾಸ್ಟರ್ ಸುತ್ತಿದರು. ಬೆರಳು ಬಾತರೆ, ಬಣ್ಣ ತಿರುಗಿದರೆ ಆ ಕ್ಷಣವೇ ಬನ್ನಿ ಎಂದು ಕನ್ನಡದಲ್ಲಿ ಹೇಳಿದರು. ಮರಾಠಿ ಮಾತ್ರ ಬಲ್ಲ ತಂದೆ ತಲೆಯಾಡಿಸಿ ಹುಡುಗನನ್ನು ಎತ್ತಿಕೊಂಡು ಹೋದರು. ತಿರುಗಿ ಬಂದದ್ದು ಐದನೆಯ ದಿನ.

"ಎಲವು ಚಂದ ಕೂಡ್ತು. ಕೈ ಹೋಯ್ತು," ಎನ್ನುತ್ತಾರೆ ಲೂಕ. ಒಳಗಿನ ಊತಕ್ಕೆ ಜಾಗವಿಲ್ಲದೆ, ರಕ್ತ ಓಡದೆ ಮಾಂಸ ಸತ್ತುಹೋಗಿತ್ತು. ಬೆರಳುಗಳು ಮಡಚಿಕೊಂಡವು, ಮತ್ತೆ ಬಿಚ್ಚಲಿಲ್ಲ.

ಆ ವರ್ಷವೇ ಲೂಕ ಮರಾಠಿ ಕಲಿಯಲು ಕುಳಿತರು. ತಾವು ಪ್ಲಾಸ್ಟರ್ ಹಾಕಿದ ಪ್ರತಿ ಮಗುವಿನ ಊರು, ಮನೆ, ಫೋನ್ ನಂಬರು ಬರೆದುಕೊಳ್ಳತೊಡಗಿದರು. ಹೇಳಿದ ದಿನ ಬಾರದವರ ಮನೆಗೆ ತಾವೇ ಹೋಗತೊಡಗಿದರು. ಶನಿವಾರ ಮಧ್ಯಾಹ್ನ ಭಾಲ್ಕಿ ಕಡೆ, ಭಾನುವಾರ ಚರ್ಚಿನಿಂದ ಬಂದ ಮೇಲೆ ಔರಾದ, ಕಮಲನಗರದ ಕಡೆ. ಹೀಗೆ ಮಾಡೆಂದು ಅವರಿಗೆ ಯಾರೂ ಹೇಳಿರಲಿಲ್ಲ. "ಹಬ್ಬದ ದಿನ ಭಿ ಹೋಗ್ಯಾರ್ರಿ. ಮೊದಲ ಸಿಟ್ಟು ಬರ್ತಿತ್ತು, ಆಮ್ಯಾಲ ಡಬ್ಬಿ ಕಟ್ಟಿಕೊಡ್ಲಾಕ ಶುರು ಮಾಡಿದೆ," ಎನ್ನುತ್ತಾರೆ ನವೊಮಿ.

ಕಮಲನಗರಕ್ಕೆ ಹೋದಾಗಲೆಲ್ಲ ಗೋರಖನಾಥನ ಮನೆಯ ಮುಂದೆ ನಿಲ್ಲುತ್ತಿದ್ದರು. ಹದಿನಾಲ್ಕು ವರ್ಷ ಆತ ಒಳಗೆ ಕರೆಯಲಿಲ್ಲ. ಈಗ ಮೂವತ್ತೊಂದರ ಗೋರಖನಾಥ ಅಲ್ಲೇ ಮಾರ್ಕೆಟ್ಟಿನ ಹತ್ತಿರ ಚಹಾದ ಅಂಗಡಿ ಇಟ್ಟಿದ್ದಾರೆ. ಎಡಗೈಯಲ್ಲೇ ಕೆಟಲ್ ಎತ್ತಿ ಚಹಾ ಸುರಿಯುತ್ತಾರೆ. "ಬರಬ್ಯಾಡ ಅಂತ ಬೈದೀನ್ರಿ. ಬರೋದು ಬಿಡಲಿಲ್ಲ. ಒಂದಿನ ಮಳ್ಯಾಗ ನಿಂತಿದ್ರು. ಒಳಗ ಬರ್ರಿ ಕಾಕಾ ಅಂದೆ. ಅಷ್ಟೇ," ಎನ್ನುತ್ತಾರೆ.

ಶೀತಲಳನ್ನು ಹುಡುಕಿಕೊಟ್ಟವರು ಈ ಗೋರಖನಾಥರೇ.

ಸಿದ್ದೇಶ್ವರಿಯದು ಕುರಿ ಸಾಕುವ ಮನೆತನ. ಮಗುವಿಗೆ ಮೂರು ಪ್ಲಾಸ್ಟರ್ ಆಗುವ ಹೊತ್ತಿಗೆ ದಸರೆ ಮುಗಿಯಿತು. ರಾಶಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಲು ಇಡೀ ಕುಟುಂಬ ಹೊರಟುಹೋಯಿತು. ಫೋನ್ ಬಂದ್. ಒಂದು ವಾರ ಹೋಯಿತು, ಎರಡು ಹೋಯಿತು. ಕೂಸಿನ ಕಾಲು ದಿನದಿನ ಬೆಳೆಯುತ್ತದೆ, ಮೇಲಿನ ಪ್ಲಾಸ್ಟರ್ ಬೆಳೆಯುವುದಿಲ್ಲ. ಲೂಕ ಔರಾದ ಸುತ್ತಿನ ಹಳ್ಳಿಗಳಲ್ಲಿ ಕೇಳಿ ಸೋತರು. ಕೊನೆಗೆ ಗೋರಖನಾಥರಿಗೆ ಹೇಳಿದರು. ಕುರಿಯವರು ಚಹಾಕ್ಕೆ ಬರುವ ಅಂಗಡಿ ಅದು. ಬಂದವರನ್ನೆಲ್ಲ ಅವರು ಕೇಳತೊಡಗಿದರು. ಐದನೆಯ ವಾರ ಲೂಕ ಅವರಿಗೆ ಗೋರಖನಾಥರ ಫೋನ್ ಬಂತು.

ಅಂದು ಮಧ್ಯಾಹ್ನ ಇಬ್ಬರೂ ಒಂದೇ ಬೈಕಿನಲ್ಲಿ ಸೋಯಾ ಕೊಯ್ದ ಹೊಲವೊಂದಕ್ಕೆ ಹೋದರು. ಕುರಿಹಟ್ಟಿಯ ಪಕ್ಕದಲ್ಲಿ ಸೀರೆಯ ಜೋಳಿಗೆಯಲ್ಲಿ ಮಗು ನರಳುತ್ತಿತ್ತು. ಪ್ಲಾಸ್ಟರ್ ಕಪ್ಪಾಗಿ ವಾಸನೆ ಬರುತ್ತಿತ್ತು, ಬೆರಳುಗಳು ಒಳಗೆ ಸರಿದಿದ್ದವು. ಲೂಕ ಬಕೀಟಿನಲ್ಲಿ ನೀರು ಕಾಯಿಸಿಕೊಂಡು ಅಲ್ಲೇ ನೆನೆಸಿ ಬಿಚ್ಚಿದರು. ಎಡ ಹಿಮ್ಮಡಿಯಲ್ಲಿ ರೂಪಾಯಿಯಷ್ಟಗಲ ಹುಣ್ಣು.

ಮಗುವಿನ ಅಜ್ಜಿ ಪುತಳಾಬಾಯಿ ಕೂಸನ್ನು ಕಸಿದುಕೊಂಡರು. "ನಿಮ್ಮ ಪಟ್ಟಿನೇ ಕೂಸಿನ ಕಾಲು ತಿಂದದ. ಸೊಟ್ಟ ಇದ್ರ ಇರಲಿ, ಜೀವಂತ ಇರ್ತದ. ಇನ್ನ ನಾವ್ ಬರಂಗಿಲ್ಲ. ನಡೀರಿ!"

ಗೋರಖನಾಥ ಮುಂದೆ ಬಂದು ಅಂಗಿಯ ತೋಳು ಸರಿಸಿದರು. ಸೊರಗಿದ ಮುಂಗೈ, ಹಕ್ಕಿಯ ಉಗುರಿನಂತೆ ಮಡಚಿದ ಬೆರಳುಗಳು.

"ಆಯಿ, ಇದು ನೋಡ್ರಿ. ಇದು ಭಿ ಇವರ ಪಟ್ಟಿನೇ ಮಾಡಿದ್ದು."

ಮುದುಕಿ ಕೈಯನ್ನು ನೋಡಿದರು. ತಲೆ ತಗ್ಗಿಸಿ ನಿಂತ ಲೂಕ ಅವರನ್ನು ನೋಡಿದರು. "ಮತ್ತ ಇವನ ಸಂಗಾಟ ಯಾಕ ಬಂದಿ?"

"ನನಗ ಪಟ್ಟಿ ಹಾಕ್ದಾಗ ಯಾರೂ ನೋಡ್ಲಾಕ ಬರಲಿಲ್ಲ ಆಯಿ. ಐದ್ ದಿನ ಒದರಿದೆ. ನಿಮ್ಮ ಕೂಸಿಗಿ ಇವರು ಐದ್ ವಾರ ಹುಡಕ್ಯಾರ. ಈಗ ಬಿಟ್ರ ಆ ಎಲವು ಹಾಂಗೇ ಗಟ್ಟಿ ಆಗ್ತದ. ಆಮ್ಯಾಲ ನನ್ನ ಕೈ ಹಾಂಗ, ಯಾರ್ ಬಂದ್ರೂ ಇಲ್ಲ."

ಪುತಳಾಬಾಯಿ ಆ ಕೈಯನ್ನು ಹಿಡಿದು ನೋಡಿದರಂತೆ. ಆಮೇಲೆ ಸೊಸೆಗೆ, "ನೀ ಔರಾದದಾಗ ನಿನ್ನ ಅಕ್ಕನ ಮನ್ಯಾಗ ಇರು. ರೊಟ್ಟಿ ನಾ ಬಡೀತೀನಿ, ಮರಿ ನಾ ನೋಡ್ಕೋತೀನಿ," ಎಂದರು. ಹುಣ್ಣು ಮಾಯ್ದ ಮೇಲೆ ಮತ್ತೆ ನಾಲ್ಕು ಪ್ಲಾಸ್ಟರ್, ಹಿಮ್ಮಡಿಯ ಬಿಗಿದ ಸ್ನಾಯುರಜ್ಜುವಿಗೆ ವೈದ್ಯರ ಸಣ್ಣ ಕೊಯ್ತ, ಅದರ ಮೇಲೆ ಮೂರು ವಾರದ ಈ ಕೊನೆಯ ಪ್ಲಾಸ್ಟರ್.

ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಲೂಕ ಈಗ ಮಗುವಿಗೆ ಪುಟ್ಟ ಬೂಟುಗಳನ್ನು ತೊಡಿಸುತ್ತಿದ್ದಾರೆ. ಎರಡರ ನಡುವೆ ಒಂದು ಸರಳು. ಮೂರು ತಿಂಗಳು ಹಗಲು ರಾತ್ರಿ, ಆಮೇಲೆ ನಾಲ್ಕು ವರ್ಷ ತುಂಬುವವರೆಗೆ ಮಲಗಿದಾಗ ಇದನ್ನು ಹಾಕಬೇಕು. ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ. "ಕೂಸು ಅತ್ರ ಭಿ ಬಿಚ್ಚಬ್ಯಾಡ ತಂಗಿ," ಎಂದು ಅವರು ಮೂರು ಸಲ ಹೇಳುತ್ತಾರೆ, ಸಿದ್ದೇಶ್ವರಿಯ ಬಾಯಿಂದ ಒಂದು ಸಲ ಹೇಳಿಸುತ್ತಾರೆ. ಹೊರಗೆ ಮುಂದಿನ ಕೂಸು ಅಳುತ್ತಿದೆ.

ನಿವೃತ್ತಿಗೆ ಎರಡು ವರ್ಷ ಇದೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಟಬ್ಬಿನ ನೀರು ಚೆಲ್ಲುತ್ತಲೇ ಉತ್ತರಿಸುತ್ತಾರೆ. "ಕೂಸು ಹುಟ್ಟಿದ ಕೂಡ್ಲೆ ಯಾರಾದ್ರೂ ಅದರ ಪಾದ ಒಂದ್ಸಲ ತಿರುವಿ ನೋಡಬೇಕ್ರಿ. ಅಷ್ಟಾದ್ರ ಸಾಕು."

ಕೈ ಒರೆಸಿಕೊಳ್ಳುವಾಗ ಕಳೆದ ಬೇಸಿಗೆಯ ಮಾತೊಂದು ಅವರಿಗೆ ನೆನಪಾಗುತ್ತದೆ. ಭಾತಂಬ್ರಾದಲ್ಲಿ ಪರಿಚಯದವರ ಮದುವೆಗೆ ಹೋಗಿದ್ದರು. ಊಟಕ್ಕೆ ಕುಳಿತಾಗ ಮದುಮಗಳ ತಾಯಿ ಬಂದು, ಬಡಿಸುತ್ತಿದ್ದ ಹತ್ತೊಂಬತ್ತರ ಮಗನನ್ನು ತೋರಿಸಿದರು. ಎರಡೂ ಪಾದ ತಿರುಚಿ ಹುಟ್ಟಿ, ಲೂಕ ಅವರ ಕೈಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡ ಕೂಸು ಅವನು. ಅವನನ್ನು ಕರೆದು ಎಲ್ಲ ಹೇಳುತ್ತೇನೆಂದು ಆ ತಾಯಿ ಹೊರಟರೆ ಲೂಕ ತಡೆದರು.

"ಅವನಿಗಿ ನೆನಪಿಲ್ಲಲ್ರಿ, ಯಾಕ ಹೇಳಬೇಕು? ಅವ ನನ್ನ ಮುಂದ ಬಂದು, 'ಕಾಕಾ, ಇನ್ನೊಂದು ಹೋಳಿಗಿ ಹಾಕಲೇನ್ರಿ?' ಅಂದ. ಹಾಕಪ್ಪ ಅಂದೆ. ಹಾಕಿ ಆ ಕಡಿ ಪಂಕ್ತಿಗಿ ಓಡಿದ. ಓಡಿದನ್ರಿ ಅವ."