ಪಾರೂ ದಂಡೆಯ ಗೇಟು

ನೋಲೀನ್‌ಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅಭ್ಯಾಸವೇ ಇರಲಿಲ್ಲ. ಮದುವೆಯಾಗಿ ಕುರಿಗಳ ಆ ಬಯಲುಸೀಮೆಗೆ ಬಂದಂದಿನಿಂದ ಗಂಡ ಕ್ಲಾರಿ ತೀರಿಕೊಳ್ಳುವವರೆಗೆ ಅವಳ ಜಾಗ ಓಡಿಸುವವನ ಪಕ್ಕದ್ದು. ಆ ಜಾಗಕ್ಕೊಂದು ಕೆಲಸವಿದೆ. ಗೇಟು ಬಂದಲ್ಲಿ ಇಳಿಯಬೇಕು, ತೆರೆಯಬೇಕು, ಗಾಡಿ ದಾಟಿದ ಮೇಲೆ ಮುಚ್ಚಿ ಮತ್ತೆ ಹತ್ತಬೇಕು. ಮುಚ್ಚಿದ್ದನ್ನು ಮುಚ್ಚಿಯೇ ಬಿಡಬೇಕು, ತೆರೆದಿದ್ದನ್ನು ತೆರೆದೇ ಬಿಡಬೇಕು. ಅಲ್ಲಿನ ಮಕ್ಕಳು ಪ್ರಾರ್ಥನೆಗಿಂತ ಮೊದಲು ಕಲಿಯುವುದು ಇದನ್ನು. ಹೊಟ್ಟೆಯಲ್ಲಿ ಮಗಳಿದ್ದಾಗಲೂ ನೋಲೀನ್ ಇಳಿದಿದ್ದಳು, ಕ್ಲಾರಿಯ ಮೇಲೆ ಮುನಿಸಿಕೊಂಡು ಮಾತು ಬಿಟ್ಟಿದ್ದಾಗಲೂ ಇಳಿದಿದ್ದಳು.

ಅವನು ಹೋದ ಮೇಲೆ ಭೂಮಿ ಮಾರಿ ಡಬ್ಬೊ ಪಟ್ಟಣದಲ್ಲಿ, ಮಗಳು ಟ್ರೇಸಿಯ ಬೀದಿಯಲ್ಲೇ ಮನೆ ಮಾಡಿದಳು. ಅಲ್ಲಿ ಇಳಿಯುವುದಕ್ಕೆ ಗೇಟೇ ಇಲ್ಲ. ಮುಚ್ಚಿದ ನಲ್ಲಿಯನ್ನು ತಿರುಗಿಸಿ ನೋಡುವಳು, ಆರಿದ ಒಲೆಯನ್ನು ಮುಟ್ಟಿ ನೋಡುವಳು, ಇಗರ್ಜಿಯಲ್ಲಿ ಪ್ರಾರ್ಥನೆಯ ನಡುವೆ ಎದ್ದು ಕಿಟಕಿಯ ಚಿಲಕ ನೋಡಿ ಬರುವಳು. "ದೇವರು ಎಲ್ಲೂ ಓಡಿಹೋಗಲ್ಲ ನೋಲೀನ್, ಕೂತ್ಕೊಳ್ಳಿ," ಎಂದು ಪಾದ್ರಿಗಳು ಒಮ್ಮೆ ನಕ್ಕಿದ್ದರು. ಅವಳೂ ನಕ್ಕಳು. ಕೂತಳು. ಮತ್ತೆ ಎದ್ದಳು.

ಶಾಲೆಗೆ ರಜೆ ಬಂದಾಗ ಟ್ರೇಸಿ ತಾನು ಹುಟ್ಟಿದ ಸೀಮೆಯನ್ನು ಮಕ್ಕಳಿಬ್ಬರಿಗೆ ತೋರಿಸಲು, ಟೆಂಟು ಕಟ್ಟಿಕೊಂಡು ಹೊರಟಳು. ಮೊಣಕಾಲು ಊದಿದ್ದರಿಂದ ನೋಲೀನ್‌ಗೆ ಹಿಂದಿನ ಸೀಟು.

"ಅಮ್ಮ, ಡ್ಯಾರನ್ ಓಡಿಸುವಾಗ ನೀನು ಒಂದು ಮಾತೂ ಆಡಬಾರದು. ಹೋದ ಸಲದ ಥರ ಆದ್ರೆ ಅವನು ಅರ್ಧ ದಾರೀಲಿ ಇಳಿದು ನಡ್ಕೊಂಡು ಹೋಗ್ತಾನೆ."

"ಬಾಯಿಗೆ ಹೊಲಿಗೆ ಹಾಕ್ಕೊಂಡೇ ಬರ್ತೀನಿ ಬಿಡೇ."

ಅಳಿಯ ಡ್ಯಾರನ್ ಕಡಲ ಕಡೆಯವನು, ಒಳ್ಳೆಯವನು. ಆದರೆ ಅತ್ತೆ ಉಸಿರು ಎಳೆದುಕೊಂಡರೆ ಸಾಕು, ಬ್ರೇಕು ಒತ್ತಿಬಿಡುವನು.

ಪಾರೂ ನದಿಯ ತಗ್ಗು ದಾಟುವಾಗ ಮಳೆ ಹಿಡಿಯಿತು. ಆಚೆ ದಂಡೆಯ ಗೇಟಿನ ಬಳಿ ಡ್ಯಾರನ್ ಹೆಂಡತಿಗೆ "ನೀನು ಕೂತಿರು" ಎಂದು ತಾನೇ ಇಳಿದು, ಮುಂದೆ ಹೋಗಿ ಏನೋ ಮಾಡಿ ಬಂದು ಗಾಡಿ ಹೊರಡಿಸಿದ. ನೋಲೀನ್ ಮಂಜು ಹಿಡಿದ ಗಾಜನ್ನು ಒರೆಸಿ ಹಿಂದಕ್ಕೆ ನೋಡಿದಳು. ಗೇಟು ಹಾರುಹೊಡೆದಿತ್ತು.

ಬಾಯಿ ತೆರೆದಳು. ಹೊಲಿಗೆ ನೆನಪಾಯಿತು. ಮುಚ್ಚಿದಳು.

ಮುಂದೆ ಎರೆಮಣ್ಣಿನ ದಾರಿ ಚಕ್ರ ಹಿಡಿಯತೊಡಗಿದ್ದರಿಂದ, ಹತ್ತಿರದ ಕೆಂಪು ಮರಳುದಿಬ್ಬದ ಮೇಲೆ ಗಾಡಿ ನಿಲ್ಲಿಸಿ ಟಾರ್ಪಾಲು ಕಟ್ಟಿದರು. ಒದ್ದೆ ಸೌದೆ ಹೊಗೆಯಾಡಿತು. ಟ್ರೇಸಿ ಬೂದಿಯಲ್ಲಿ ರೊಟ್ಟಿ ಸುಟ್ಟು ಪಾಕ ಸುರಿದು ಕೊಟ್ಟಳು. ನೋಲೀನ್‌ಗೆ ಇಳಿಯಲಿಲ್ಲ. ಆ ಗೇಟಿನಾಚೆ ಯಾರದೋ ಮಂದೆ ಇದೆ. ಹೊರಬಿದ್ದರೆ ಈ ಬಯಲಿನಲ್ಲಿ ಹುಡುಕುವವರು ಯಾರು? ಕೇಳಿದರೆ ಅಳಿಯನ ಮುಖ ಸಣ್ಣದಾಗುತ್ತದೆ, ಕೇಳದಿದ್ದರೆ ಕುರಿ ಹೋಗುತ್ತವೆ. ಅವಳು ಎದ್ದಳು, ಕೂತಳು, ಹಗ್ಗ ಬಿಗಿದಳು, ಬಿಗಿದದ್ದನ್ನೇ ಮತ್ತೆ ಬಿಗಿದಳು.

"ಅಮ್ಮ, ಇರುವೆ ಗೂಡಿನ ಮೇಲೆ ಕೂತಿದ್ದೀಯಾ?"

ನೋಲೀನ್ ಸಲಿಕೆ ಎತ್ತಿಕೊಂಡಳು. ಟೆಂಟು ಹಾಕಿದಲ್ಲಿ ಸಲಿಕೆ ಹಿಡಿದು ಬಹಿರ್ದೆಸೆಗೆಂದು ಪೊದೆಯತ್ತ ಹೊರಟವರನ್ನು ಎಲ್ಲಿಗೆ ಎಂದು ಕೇಳುವ ರೂಢಿಯಿಲ್ಲ. ಪೊದೆ ದಾಟಿದ್ದೇ ಅವಳು ಸಲಿಕೆಯನ್ನು ಊರುಗೋಲು ಮಾಡಿಕೊಂಡು ಬಂದ ದಾರಿಗೆ ಬಿದ್ದಳು. ಹೆಜ್ಜೆಗೊಂದು ಹಿಡಿ ಮಣ್ಣು ಬೂಟಿಗೆ ಮೆತ್ತಿ, ಕಾಲು ಮಡಕೆಯಷ್ಟು ದಪ್ಪವಾಯಿತು. ಗೇಟು ಸಿಕ್ಕಿತು. ಕಂಬದ ತಂತಿ ಬಿಚ್ಚಿ, ಗೇಟು ಎಳೆದು, ಸರಪಳಿ ಸಿಕ್ಕಿಸಿ, ಅಲ್ಲಾಡಿಸಿ ನೋಡಿದಳು. ಆಹಾ, ಎದೆ ಹಗುರಾಯಿತು.

ತಿರುಗಿ ಬಂದಾಗ ಟ್ರೇಸಿ ಬಾಯಿ ಬಿಟ್ಟು ನಿಂತಳು. "ಏನಮ್ಮ ಇದು ಅವತಾರ! ಹಂದಿ ಜೊತೆ ಕುಸ್ತಿ ಆಡಿದ್ಯಾ?"

"ಗೇಟು ಮುಚ್ಚಿ ಬಂದೆ ಅಷ್ಟೆ. ಡ್ಯಾರನ್, ತಪ್ಪು ತಿಳ್ಕೋಬೇಡಪ್ಪ, ಮಳೇಲಿ ಯಾರಿಗಾದ್ರೂ ಮರೆಯುತ್ತೆ."

ಡ್ಯಾರನ್ ಲೋಟ ಕೆಳಗಿಟ್ಟ. "ನಾನು ಗೇಟು ಮುಟ್ಟೇ ಇಲ್ಲ ನೋಲೀನ್. ನಾವು ಬಂದಾಗ್ಲೇ ತೆರೆದಿತ್ತು. ಮುಂದೆ ದಾರೀಲಿ ನಿಂತ ನೀರು ಎಷ್ಟು ಆಳ ಅಂತ ನೋಡೋಕೆ ಇಳಿದೆ. ಕಂಬಕ್ಕೆ ತಂತಿ ಸುತ್ತಿ ಕಟ್ಟಿದ್ರಲ್ಲ, ನೀವು ನೋಡ್ಲಿಲ್ವಾ?"

ನೋಡಿದ್ದಳು. ತನ್ನ ಕೈಯಾರೆ ಬಿಚ್ಚಿದ್ದಳು. ತೆರೆದ ಗೇಟನ್ನು ತಂತಿ ಸುತ್ತಿ ಕಟ್ಟುವವರು ಬೇಕೆಂದೇ ಕಟ್ಟಿರುತ್ತಾರೆ. ನದಿಯ ಮೇಲ್ಭಾಗದಲ್ಲಿ ಮಳೆಯಾದರೆ ಪಾರೂ ತಗ್ಗನ್ನೆಲ್ಲ ತುಂಬುತ್ತದೆ. ಆಗ ಕುರಿಗಳು ಹತ್ತಿ ಬರಲು ಇರುವುದು ಇದೊಂದೇ ದಿಬ್ಬ, ಇದೊಂದೇ ದಾರಿ.

"ಅಯ್ಯೋ ದೇವರೇ," ಎಂದಳು. "ಮುಳುಗಿಸಿಬಿಟ್ಟೆ."

ಮೊಣಕಾಲು ಮಡಚಲು ಬಾರದಂತಾಗಿತ್ತು. ಡ್ಯಾರನ್ ತೋಳು ಕೊಟ್ಟ. ಇಬ್ಬರೂ ಜಾರುತ್ತ ನಡೆದರು. ನೋಲೀನ್ ದಾರಿಯುದ್ದಕ್ಕೂ ತುಟಿ ಆಡಿಸುತ್ತಿದ್ದಳು. ಪ್ರಾರ್ಥನೆಯೋ ತನ್ನನ್ನೇ ಬೈದುಕೊಳ್ಳುವುದೋ ಅಳಿಯನಿಗೆ ತಿಳಿಯಲಿಲ್ಲ.

ಇನ್ನೂ ಬೆಳಕಿತ್ತು. ತಗ್ಗಿನ ತುಂಬ ಕಂದು ನೀರು ಸದ್ದಿಲ್ಲದೆ ಹರಡಿತ್ತು. ಮುಚ್ಚಿದ ಗೇಟಿಗೆ ಒತ್ತಿಕೊಂಡು ಮಂದೆ ನಿಂತಿತ್ತು; ಹಿಂದಿನ ಸಾಲಿನ ಕುರಿಗಳಿಗೆ ಹೊಟ್ಟೆಮಟ್ಟ ನೀರು. ಡ್ಯಾರನ್ ಸರಪಳಿ ಬಿಡಿಸಿ, ಗೇಟನ್ನು ದಿಬ್ಬದ ಕಡೆಗೆ ಎಳೆದು ಕಂಬಕ್ಕೆ ತಂತಿ ಸುತ್ತಿದ. ಸಡಿಲವಾಗಿ ಸುತ್ತಿದ ಅನ್ನಿಸಿ ನೋಲೀನ್‌ಳ ಕೈ ತಾನಾಗಿ ಮುಂದೆ ಹೋಯಿತು. ಅದನ್ನು ಕೋಟಿನ ಜೇಬಿಗೆ ತುರುಕಿದಳು.

ಕುರಿಗಳು ಹೊರಬರಲಿಲ್ಲ. "ಬನ್ನಿ, ಬನ್ನಿ, ಹೂಂ!" ಎಂದು ನೋಲೀನ್ ಕೈ ಬೀಸಿದಳು. ಮುಂದಿನವು ಬೆದರಿ ನೀರಿಗೇ ತಿರುಗಿದವು.

"ನೋಲೀನ್," ಎಂದ ಡ್ಯಾರನ್ ಮೆತ್ತಗೆ, "ನಿಮ್ಮನ್ನ ಕಂಡು ಹೆದರ್ತಿವೆ. ಸ್ವಲ್ಪ ಸುಮ್ನಿರಿ."

ಕ್ಲಾರಿ ಇದ್ದಿದ್ದರೆ ಇದನ್ನೇ ಇನ್ನೂ ಜೋರಾಗಿ ಅನ್ನುತ್ತಿದ್ದ. ಅವಳು ಹಿಂದೆ ಸರಿದು ಒಂದು ಮರದ ಕಾಂಡಕ್ಕೆ ಬೆನ್ನು ಕೊಟ್ಟಳು. ಮಳೆ ಕಾಲರಿನೊಳಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಮೂಗಿನ ತುದಿಯಲ್ಲಿ ನೊಣ ಕೂತಿತು, ಓಡಿಸಲಿಲ್ಲ. ಅಂಥ ಕಷ್ಟದ ಕೆಲಸ ಅವಳು ಜನ್ಮದಲ್ಲಿ ಮಾಡಿರಲಿಲ್ಲ.

ಒಂದು ಮುದಿ ಕುರಿ ಕತ್ತು ಚಾಚಿ ಮೂಸಿತು. ಒಂದು ಕಾಲು ಇಟ್ಟಿತು. ಆಮೇಲೆ ಒಮ್ಮೆಗೇ ನೆಗೆದು ದಾಟಿತು, ಅದರ ಹಿಂದೆ ಉಳಿದವೆಲ್ಲ ನುಗ್ಗಿದವು. ಒದ್ದೆ ಉಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಮಂದೆ ಉಜ್ಜಿದಾಗಲೆಲ್ಲ ಗೇಟು ಅದುರುತ್ತಿತ್ತು, ಡ್ಯಾರನ್ ಸುತ್ತಿದ ತಂತಿ ಕಿರುಗುಟ್ಟುತ್ತಿತ್ತು. ನೋಲೀನ್ ಅದನ್ನೇ ನೋಡುತ್ತ, ಜೇಬಿನೊಳಗೆ ಮುಷ್ಟಿ ಕಟ್ಟಿಕೊಂಡು, ಕೊನೆಯ ಕುರಿ ದಾಟುವವರೆಗೂ ನಿಂತೇ ಇದ್ದಳು.