ಭಟ್ಟಿಯ ಮೇಲಿಟ್ಟ ಕೆಂಪು ಚಹಾ

ಮೊನ್ನೆ ಗಣೇಶಗುಡಿಯ ಒಂದು ಹೋಂಸ್ಟೇಗೆ ಬ್ರೆಡ್ ಕೊಡಲು ಹೋಗಿದ್ದೆ. ಅಡುಗೆಮನೆಯ ಕಟ್ಟೆಯ ಮೇಲೆ ಯಾರೋ ಅತಿಥಿ ತಂದಿಟ್ಟ ತಗಡಿನ ಡಬ್ಬಿ ತೆರೆದಿತ್ತು. ಚೀನಾದ ಹಳೆಯ ಕೆಂಪು ಚಹಾ ಅಂತೆ. ಮೂಗು ಇಟ್ಟೆ. ಒಣ ಖರ್ಜೂರ, ಹಳೆಯ ಮರದ ಪೆಟ್ಟಿಗೆ, ಬೆಲ್ಲ ಕಾಯಿಸಿದ ಕಡಾಯಿಯ ತಳ... ಇಂಥ ಹೊತ್ತಿನಲ್ಲಿ ಒಳ್ಳೆಯವರಿಗೆ ಕಣ್ಣೀರು ಬರುತ್ತದೆ. ನನಗೆ ಬಂದದ್ದು ಸಿಟ್ಟು. ಪಾಲಾ ಅವರ ಮೇಲೆ, ನಮ್ಮ ಅಮ್ಮಿಯ ಮೇಲೆ, ಮಳೆಗಾಲದ ಮೇಲೆ ಕೂಡ.

ಪಾಲಾ ಅಂದರೆ ಟಿಬೆಟಿನವರ ಮಾತಿನಲ್ಲಿ ಅಪ್ಪಾಜಿ. ಮುಂಡಗೋಡದ ಟಿಬೆಟಿ ಕ್ಯಾಂಪಿನಲ್ಲಿ ಸಣ್ಣ ಚಹಾದಂಗಡಿ ಇಟ್ಟಿದ್ದ ಆ ಮುದುಕರನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ನಮ್ಮದು ಹಳಿಯಾಳದಲ್ಲಿ ಬೇಕರಿ. ಖಾರಿ ಬಿಸ್ಕೀಟು, ಟೋಸ್ಟಿನ ಚೀಲ ಬೈಕಿಗೆ ಕಟ್ಟಿಕೊಂಡು ಅವರ ಅಂಗಡಿಗೆ ಹೋಗುತ್ತಿದ್ದೆ. ನನಗೆ ಕಂಡವರ ದನಿ ನಕಲು ಮಾಡುವ ಚಟ. ಬಸ್ ಕಂಡಕ್ಟರು, ಮೂಗಿನಲ್ಲಿ ಮಾತಾಡುವ ಟೇಲರ್ ಚಾಚಾ, ಯಾರೂ ಸಿಗದಿದ್ದರೆ ಹುಡುಗಿಯರೆದುರು ತಾನಾಗಿ ದಪ್ಪಗಾಗುವ ನನ್ನದೇ ಕಳ್ಳ ದನಿ. ಪಾಲಾ ನನ್ನ ಹೆಸರು ಕೇಳಿದವರೇ ಅಲ್ಲ. "ಏ ಬೇಕರಿ, ಬಾ" ಅನ್ನುತ್ತಿದ್ದರು, ಮುಗಿಯಿತು.

ಗಿರಾಕಿಗಳಿಗೆ ಹಾಲು ಸಕ್ಕರೆಯ ಚಹಾ. ತಮಗೆ ಮಾತ್ರ ಬೇರೆ. ಎಷ್ಟೋ ವರ್ಷದ ಹಿಂದೆ ಅವರ ಅಕ್ಕ ನೇಪಾಳದಿಂದ ತಂದುಕೊಟ್ಟ ಇಂಥದೇ ಕೆಂಪು ಚಹಾದ, ಒತ್ತಿ ಗಟ್ಟಿ ಮಾಡಿದ ಬಿಲ್ಲೆಯೊಂದು ಬಟ್ಟೆಯಲ್ಲಿ ಸುತ್ತಿಕೊಂಡು ಕೂತಿತ್ತು. ಅದರ ಚೂರು ಮುರಿದು, ಬಿಸಿನೀರು ಹೊಯ್ದು, ಹಾಲಿಲ್ಲದೆ ಸಕ್ಕರೆಯಿಲ್ಲದೆ ಗುಟುಕರಿಸಿ ಕಣ್ಣು ಮುಚ್ಚುತ್ತಿದ್ದರು. ಮೊದಲ ಸಲ ನನಗೆ ಕೊಟ್ಟಾಗ ಸಕ್ಕರೆ ಕೇಳಿದೆ. ನಾಯಿಗೆ ಉಪ್ಪಿನಕಾಯಿ ಹಾಕಿದವನನ್ನು ನೋಡುವ ಹಾಗೆ ನೋಡಿದರು.

"ಇಷ್ಟ ವರ್ಷ ನಿಮ್ಮ ರೊಟ್ಟಿ ತಿಂದೇನಿ. ನನ್ನ ಚಾಕ್ಕ ಜೋಡಿ ಆಗೂವಂಥಾದ್ದು ನಿಮ್ಮ ಕಡೆ ಏನೂ ಇಲ್ಲೇನು?" ಎಂದರು. ತಮಾಷೆಯ ದನಿಯಲ್ಲ ಅದು. ಬಿಲ್ಲೆ ಮುಗಿಯುವುದರೊಳಗೆ ಅದು ಈ ಊರಿನ ತಿಂಡಿಯ ಜೊತೆ ಕೂಡಬೇಕು, ಈ ಊರಿನವರೊಬ್ಬರು ಅದನ್ನು ಇಷ್ಟಪಟ್ಟು ಕುಡಿಯಬೇಕು. ಅವರ ಆಸೆ ಇಷ್ಟೇ.

ಹಾಗೆ ನಾನು ಚಹಾಕ್ಕೆ ಹೆಣ್ಣು ಹುಡುಕುವ ದಲ್ಲಾಳಿಯಾದೆ. ಮಿರ್ಚಿ ಭಜಿ ಒಯ್ದೆ. "ಚಾ ಹೆದರಿ ಓಡಿ ಹೋತು." ಯಾಲಕ್ಕಿ ಟೋಸ್ಟು ಒಯ್ದೆ. "ಅತ್ತರ ಭಾಳ ಹಚ್ಗೊಂಡಾಳ." ಪೇಢೆ ಒಯ್ದೆ. "ಇಕಿ ಚಾಕ್ಕ ಮಾತಾಡಾಕ ಬಿಡೂದಿಲ್ಲ." ಖಾರಿಗೆ ಸ್ವಲ್ಪ ತಲೆಯಾಡಿಸಿದರು, ಆಮೇಲೆ ಅದರ ಜಿಡ್ಡು ನಾಲಿಗೆಯ ಮೇಲೆ ಹಾಸಿಗೆ ಹಾಸಿಕೊಂಡಿತೆಂದು ಅದನ್ನೂ ತಳ್ಳಿದರು. ನನಗೆ ತಲೆ ಕೆಟ್ಟುಹೋಯಿತು.

"ಎಂಥಾದ್ದು ಬೇಕಂತ ಒಮ್ಮೆ ಹೇಳಿಬಿಡ್ರಿ ಪಾಲಾ!"

"ಗೊತ್ತಿದ್ರ ನಿನ್ನಂಥಾವ್ನ ಯಾಕ ಕೇಳ್ತಿದ್ದೆ?"

ಕೊನೆಗೆ ಸಿಕ್ಕಿದ್ದು ನಮ್ಮೂರ ಸಂತೆಯಲ್ಲೇ. ಜೊಯಿಡಾ ಕಡೆಯ ಕುಣಬಿ ಅಕ್ಕನೊಬ್ಬಳು ಮಣ್ಣು ಮೆತ್ತಿದ ಕಾಡುಗೆಡ್ಡೆ ಮಾರುತ್ತಿದ್ದಳು. ಬ್ರೆಡ್ ತೆಗೆದ ಮೇಲೆ ಭಟ್ಟಿಯಲ್ಲಿ ಉಳಿದ ಕಾವಿನಲ್ಲಿ ಅದನ್ನು ಸುಟ್ಟು, ಉಪ್ಪು ಕೂಡ ಹಾಕದೆ ಒಯ್ದೆ. ಪಾಲಾ ಒಂದು ತುಂಡು ತಿಂದರು, ಒಂದು ಗುಟುಕು ಕುಡಿದರು. ನಾನೂ ತಿಂದು ಕುಡಿದೆ. ಗೆಡ್ಡೆಯ ಹಿಟ್ಟುಹಿಟ್ಟು ಸಿಹಿ ಚಹಾದ ಒಗರನ್ನು ಎಲ್ಲಿಗೋ ಕಳಿಸಿ, ನುಂಗಿದ ಮೇಲೆ ಗಂಟಲಿನಿಂದ ಖರ್ಜೂರದಂಥ ರುಚಿ ಮೆಲ್ಲಗೆ ಹತ್ತಿ ಬಂತು... ಅವತ್ತೇ ಮೊದಲು, ನಾನು ಸಕ್ಕರೆ ಕೇಳಲಿಲ್ಲ. ಪಾಲಾ ಮೇಜು ಬಡಿದು ನಕ್ಕರು.

ಮಳೆಗಾಲಕ್ಕೆ ಅವರು ಬೈಲಕುಪ್ಪೆಯ ಮಗಳ ಮನೆಗೆ ಹೊರಟರು. ಮುಚ್ಚಿದ ಅಂಗಡಿಯಲ್ಲಿ ಬಿಲ್ಲೆಗೆ ಬೂಸ್ಟು ಹಿಡಿದೀತೆಂದು ಉಳಿದ ಚೂರನ್ನು ನನ್ನ ಕೈಯಲ್ಲಿಟ್ಟರು. "ನಿಮ್ಮದು ಭಟ್ಟಿ ಮನಿ, ಒಣಾ ಇರ್ತೈತಿ. ಗೆಡ್ಡಿ ಬಂದಾಗ ನಿಮ್ಮನಿಗೇ ಬರ್ತೇನಿ. ನಿಮ್ಮ ಅಮ್ಮಾನೂ ಕುಡೀಲಿ."

ಅಮ್ಮಿಗೆ ಕೊಟ್ಟು, ಜೋಪಾನ ಅಂದೆ. ಅಮ್ಮಿ ನನಗಿಂತ ಹೆಚ್ಚು ಜೋಪಾನ ಮಾಡಿದಳು. ಮಳೆಗಾಲದಲ್ಲಿ ಮೆತ್ತಗಾಗಬಾರದ್ದೆಲ್ಲ ನಮ್ಮ ಮನೆಯಲ್ಲಿ ಸೇರುವ ಜಾಗ ಒಂದೇ, ಭಟ್ಟಿಯ ಮೇಲಿನ ಹಲಗೆ. ಕಡ್ಡಿಪೆಟ್ಟಿಗೆ ಅಲ್ಲಿ, ಹಪ್ಪಳ ಅಲ್ಲಿ, ಕಾರವಾರದ ಒಣ ಬಂಗಡೆ ಮೀನು ಅಲ್ಲಿ. ಚಹಾದ ಬಿಲ್ಲೆಯೂ ಬಂಗಡೆಯ ಮಗ್ಗುಲಲ್ಲೇ ಮಳೆಗಾಲವಿಡೀ ಬೆಚ್ಚಗೆ ಮಲಗಿತ್ತು.

ಪಾಲಾ ಹೇಳಿದಂತೆ ಬಂದರು. ಅಮ್ಮಿ ಹೊಸ ಕಪ್ಪು ತೆಗೆದಳು, ತಾನೇ ಚಹಾ ಹೊಯ್ದಳು. ಹಬೆ ಏಳುತ್ತಲೇ ನನ್ನ ಜೀವ ಬಾಯಿಗೆ ಬಂತು. ಮನೆಯೆಲ್ಲ ಮೀನು ಪೇಟೆ! ವರ್ಷಾನುಗಟ್ಟಲೆ ಬಟ್ಟೆಯಲ್ಲಿ ಹಣ್ಣಾದದ್ದು ನಾಲ್ಕು ತಿಂಗಳಲ್ಲಿ ಬಂಗಡೆಯಾಗಿತ್ತು. ನೆಗಡಿಯಾಗಿದ್ದ ಅಮ್ಮಿಗೆ ಅದರ ಸುಳಿವೇ ಇಲ್ಲ. ಪಾಲಾ ಕುಡಿದರು. ಹುಬ್ಬು ಕೂಡ ಅಲುಗಲಿಲ್ಲ.

"ಹೆಂಗಾಗೇತ್ರಿ?" ಅಮ್ಮಿ ಕೇಳಿದಳು.

"ಭಾಳ ಚಲೋ ಆಗೇತ್ರಿ ಅಮ್ಮಾ."

"ಹಂಗಾರ ಇನ್ನೊಂದ ಕಪ್ಪ ಹಾಕ್ಲಿ?"

"ಹಾಕ್ರಿ."

ಬಸ್ ಸ್ಟ್ಯಾಂಡಿನ ತನಕ ನಾನು ಹಲ್ಲು ಕಚ್ಚಿಕೊಂಡೇ ನಡೆದೆ. "ಬೈರಿ ಪಾಲಾ, ನನಗರ ಬೈರಿ!" ಎಂದೆ. ಅವರು ನಿಂತು, ಕಣ್ಣು ದೊಡ್ಡದು ಮಾಡಿ, ಮೂಗರಳಿಸಿ, ಅಮ್ಮಿಯೆದುರು ಕೂತಿದ್ದ ನನ್ನ ಮುಖವನ್ನೇ ಮಾಡಿ ತೋರಿಸಿದರು. ನನ್ನ ನಕಲು ಮಾಡಿದವರು ಅವರೊಬ್ಬರೇ. ಬಸ್ಸು ಬರುವವರೆಗೂ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಅಮ್ಮಾಗ ಹೇಳಬ್ಯಾಡ" ಎಂದು ಹತ್ತಿ ಹೋದರು. ಮುಂದಿನ ಮಳೆಗಾಲದಲ್ಲಿ ಬೈಲಕುಪ್ಪೆಯಿಂದ ಅವರು ತೀರಿಹೋದ ಸುದ್ದಿಯಷ್ಟೇ ಬಂತು...

ಮೊನ್ನೆ ಗಣೇಶಗುಡಿಯ ಅತಿಥಿ ಆ ಚಹಾ ಒಂದು ಕಪ್ಪು ಕೊಟ್ಟು, ಕ್ರೀಮ್ ಬಿಸ್ಕೀಟು ಮುಂದಿಟ್ಟ. ಬಿಸ್ಕೀಟನ್ನು ಕಿಟಕಿಯಿಂದ ಎಸೆಯಬೇಕೆನ್ನಿಸಿತು. ಮನೆಗೆ ಬಂದು ಅಮ್ಮಿಗೆ ಅಂಥದೇ ಚಹಾ ಕುಡಿದೆನೆಂದು ಹೇಳಿದ್ದೇ ತಪ್ಪಾಯಿತು. ಮನೆಗೆ ಬಂದಿದ್ದ ಸಂಬಂಧಿಕರಿಗೆಲ್ಲ ಅಮ್ಮಿ ಹೇಳಲು ಶುರು ಮಾಡಿದಳು. ಪಾಲಾ ತನ್ನ ಕೈಯ ಚಹಾ ಹೇಗೆ ಕೇಳಿ ಕೇಳಿ ಕುಡಿದರು, ಅಂಥ ರುಚಿ ಕಂಡವರು ಸುಮ್ಮನೆ ಹೊಗಳುವವರಲ್ಲ ಎಂದು. ಊರನ್ನೇ ನಗಿಸುವ ನನ್ನ ಬಳಿ ಇದಕ್ಕಿಂತ ಒಳ್ಳೆಯ ಕತೆಯಿಲ್ಲ, ಆದರೆ ಬಾಯಿ ಬಿಡುವಂತಿಲ್ಲ. ಅಮ್ಮಿ ಓದುವುದು ಉರ್ದು ಮಾತ್ರ, ಆ ಧೈರ್ಯದ ಮೇಲೆ ಇಲ್ಲಿ ಬರೆದಿದ್ದೇನೆ. ಅವಳು ಹೇಳುವಾಗ ನಾನು ಗೋಡೆ ನೋಡುತ್ತ ಕೂತಿರುತ್ತೇನೆ. ಆ ಹೊತ್ತಿಗೆ ಕಣ್ಣಿಗೆ ಕಣ್ಣು ಕೂಡಿಸಿ ನಗಲು ಬೇಕಾಗಿದ್ದವರು ಪಾಲಾ ಒಬ್ಬರೇ.